ಉಳಿಕೆಯ ಡಬ್ಬಿ

ಆ ಬೀದಿಯಲ್ಲಿ ಯಾರಿಗಾದರೂ ಮೈ ಕೆಟ್ಟರೆ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಬೇಕರಿಯ ಅಜ್ಜಿ. ಬೇಕರಿಯ ಹಿಂಬದಿಗೆ ಅಂಟಿಕೊಂಡಿದ್ದ ಮನೆಯ ಅಡುಗೆಕೋಣೆಯಲ್ಲಿ, ಮೇಲಿನ ಗೂಡಿನಲ್ಲಿ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ಮುಚ್ಚಳದ ಮೇಲಿದ್ದ ಗುಲಾಬಿಯ ಚಿತ್ರ ಅಳಿಸಿ ಅಳಿಸಿ ಬರೀ ಒಂದು ಕೆಂಪು ಕಲೆ ಉಳಿದಿತ್ತು. ಒಳಗೆ ಅರ್ಧ ಹಿಂಡಿದ ಟ್ಯೂಬುಗಳು, ಅರ್ಧ ಕತ್ತರಿಸಿದ ಮಾತ್ರೆಯ ಹಾಳೆಗಳು, ತಳದಲ್ಲಿ ನಾಲ್ಕು ಹನಿ ಉಳಿದ ಸೀಸೆಗಳು. ಒಂದಾದರೂ ಪೂರ್ತಿಯಾದದ್ದು ಇರಲಿಲ್ಲ, ಪೂರ್ತಿ ಖಾಲಿಯಾದದ್ದೂ ಇರಲಿಲ್ಲ.

ಆ ಮನೆಯ ಪದ್ಧತಿಯೇ ಹಾಗೆ. ಬಂದ ಔಷಧವನ್ನು ಮುಗಿಸಬಾರದು. ಮೈ ಹಗುರಾದ ಕೂಡಲೇ ಒಂದಿಷ್ಟು ಉಳಿಸಿ ಡಬ್ಬಿಗೆ ಹಾಕಬೇಕು. ಔಷಧ ಮನೆಯಲ್ಲಿರುವ ತನಕ ಕಾಯಿಲೆ ಹೆದರಿ ಹೊಸಿಲಾಚೆ ನಿಂತಿರುತ್ತದಂತೆ. ಖಾಲಿಯಾಯಿತೆಂದು ಗೊತ್ತಾದರೆ ಒಳಗೆ ನುಗ್ಗುತ್ತದಂತೆ. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಈ ಡಬ್ಬಿಯನ್ನು ಕೈಗಿಟ್ಟು ಹೇಳಿದ್ದರು: "ನನ್ನ ಮೊದಲನೇ ಮಗು ಜ್ವರದಿಂದ ಎದ್ದಿತ್ತು ಕಣೆ. ಔಷಧ ಮುಗೀತು ಅಂತ ಸೀಸೆ ತೊಳೆದು ಬೋರಲು ಹಾಕಿದೆ. ಅದೇ ವಾರ ಜ್ವರ ಮರಳಿ ಬಂತು, ಮಗೂನ ಕರ್ಕೊಂಡೇ ಹೋಯ್ತು. ಅವತ್ತಿಂದ ನಾನು ಸೀಸೆ ತೊಳೆದಿಲ್ಲ." ಹೆತ್ತ ಹೊಟ್ಟೆಯ ಸಂಕಟ ಒಂದು ಮನೆಯ ಕಾನೂನಾಯಿತು, ಮನೆಯ ಕಾನೂನು ಬೀದಿಯ ಕಾನೂನಾಯಿತು. ಅಕ್ಕಪಕ್ಕದವರೆಲ್ಲ ತಮ್ಮ ಉಳಿಕೆ ತಂದು ಅಜ್ಜಿಯ ಡಬ್ಬಿಗೆ ಹಾಕುತ್ತಿದ್ದರು, ಬೇಕಾದಾಗ ಬಂದು ಒಯ್ಯುತ್ತಿದ್ದರು. ಅಜ್ಜಿಗೆ ಅದೊಂದು ದೊಡ್ಡಸ್ತಿಕೆ.

ನಗಬೇಡಿ. ನಿಮ್ಮ ಮನೆಯ ಬೀರುವಿನ ಮೇಲಿನ ಅರೆಯನ್ನು ಒಮ್ಮೆ ತೆಗೆದು ನೋಡಿ, ಆಮೇಲೆ ನಕ್ಕರಾಯಿತು.

ಇನ್ನೊಂದು ಪದ್ಧತಿಯೂ ಇತ್ತು. ಮನೆಯಲ್ಲಿ ಯಾರಿಗೆ ಔಷಧ ಬಂದರೂ ಅದು ಹಿರಿಯ ಹೆಂಗಸಿನ ಕೈಯಿಂದಲೇ ಬಾಯಿಗೆ ಹೋಗಬೇಕು. ಅಜ್ಜಿಯ ಮಗನಿಗೆ ಮೀಸೆ ಬಂದು, ಮದುವೆಯಾಗಿ, ಕಿವಿಯ ಪಕ್ಕದಲ್ಲಿ ನರೆ ಮೂಡಿದ್ದರೂ ಮಾತ್ರೆ ಬೇಕೆಂದರೆ ಅಮ್ಮನ ಮುಂದೆ ಅಂಗೈ ಚಾಚುತ್ತಿದ್ದ. ಅಪ್ಪ ಬಿಟ್ಟುಹೋದ ಬೇಕರಿಯನ್ನು ಅವನೇ ನಡೆಸುತ್ತಿದ್ದ. ಬೆಳಗಿನ ಬನ್ನು, ಮಧ್ಯಾಹ್ನದ ಬ್ರೆಡ್ಡು, ಸಂಜೆಯ ರಸ್ಕು. ಮೂರು ಹೊತ್ತೂ ಅವನ ಮೈಗೆ ಹಿಟ್ಟಿನ ಪುಡಿ ಮೆತ್ತಿರುತ್ತಿತ್ತು. ಸೊಸೆ ಮುಂದಿನ ಕಟ್ಟೆಯಲ್ಲಿ ನಿಂತು ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಮೊಮ್ಮಗಳು, ಶಾಲೆಗೆ ಹೋಗುವ ಹುಡುಗಿ, ಬಿಸಿ ರಸ್ಕಿನ ತಟ್ಟೆಗೆ ಕೈಹಾಕಿ ದಿನಕ್ಕೊಮ್ಮೆ ಬೈಸಿಕೊಳ್ಳುತ್ತಿದ್ದಳು. ಸುಖವಾದ ಸಂಸಾರ. ದೃಷ್ಟಿ ತೆಗೆಯಬೇಕು ಅನ್ನುವಂಥದ್ದು.

ಮೊದಲ ಸೂಚನೆ ಬಂದದ್ದು ಆ ಹುಡುಗಿಯ ತೊಡೆಯ ಮೇಲೆ. ದುಂಡಗೆ, ಅಂಚು ಕೆಂಪಾಗಿ, ನಡುವೆ ಬಿಳಿಚಿಕೊಂಡ ಒಂದು ಹುಳುಕಡ್ಡಿ. ಸೊಸೆ ಡಾಕ್ಟರಿಗೆ ತೋರಿಸಿ ಒಂದು ಟ್ಯೂಬು ತಂದಳು. ಹಚ್ಚಲು ಶುರುಮಾಡಿದ ಮೇಲೆ ಕಡಿತ ನಿಂತಿತು, ಕೆಂಪು ಇಳಿಯಿತು. ಅಜ್ಜಿ ಟ್ಯೂಬಿನ ಬಾಲ ಮಡಿಸಿ ಡಬ್ಬಿಗೆ ಹಾಕಿದರು.

"ಅತ್ತೆ, ಕಲೆ ಹೋದ ಮೇಲೂ ಕೆಲವು ವಾರ ಹಚ್ಚಬೇಕು ಅಂದಿದಾರೆ," ಎಂದಳು ಸೊಸೆ.

"ಹೋದ ಮೇಲೆ ಯಾರಿಗೆ ಹಚ್ತೀಯೆ? ಗೋಡೆಗಾ?"

"ಮೇಲೆ ಹೋದ ಹಾಗೆ ಕಾಣುತ್ತೆ, ಚರ್ಮದ ಒಳಗೆ ಇನ್ನೂ ಇರುತ್ತಂತೆ."

"ಅಂತೆ ಕಂತೆ ಎಲ್ಲ ನನ್ನ ಹತ್ರ ಬೇಡ. ಈ ಕೈಯಲ್ಲಿ ಬೀದಿ ಮಕ್ಕಳನ್ನೆಲ್ಲ ಸಾಕಿದೀನಿ ನಾನು."

ಹುಳುಕಡ್ಡಿ ಮರಳಿ ಬಂತು. ಈ ಸಲ ಒಂದು ಸುತ್ತಿನ ಹೊರಗೆ ಇನ್ನೊಂದು ಸುತ್ತು. ಅಜ್ಜಿ ಡಬ್ಬಿ ತೆಗೆದು ಬೇರೊಂದು ಟ್ಯೂಬಿನಿಂದ ಬೆರಳಿಗೆ ಒತ್ತಿಕೊಂಡು ಸವರಿದರು. ಅದು ಯಾರಿಗೋ ಕೊಟ್ಟಿದ್ದು, ಯಾವ ಕಾಯಿಲೆಗೆ ಕೊಟ್ಟಿದ್ದೋ ಯಾರಿಗೂ ನೆನಪಿರಲಿಲ್ಲ. ಒಂದೇ ರಾತ್ರಿಗೆ ಕೆಂಪು ಮಾಯ! "ನೋಡಿದ್ಯಾ?" ಎಂದು ಅಜ್ಜಿ ಹುಬ್ಬು ಹಾರಿಸಿದರು. ಆದರೆ ಆ ಸುತ್ತು ಒಳಗೊಳಗೇ ಹರಡಿಕೊಂಡು ಸೊಂಟದವರೆಗೆ ಹೋಗಿದ್ದು ಆಮೇಲೆ ಗೊತ್ತಾಯಿತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಮಗ ಮಾರಾಟವಾಗದ ಬ್ರೆಡ್ಡನ್ನು ಎಸೆಯಲು ತೆಗೆದಿಟ್ಟಿದ್ದ. ಒಂದು ತುದಿಯಲ್ಲಿ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಅಜ್ಜಿ ಚಾಕು ತಂದು ಆ ತುದಿಯನ್ನಷ್ಟೇ ಕೊಯ್ದು, ಉಳಿದದ್ದನ್ನು ಚಹಾದಲ್ಲಿ ಅದ್ದಿದರು.

"ಅಮ್ಮ, ಎಸಿ ಅದನ್ನ. ಒಳಗೆಲ್ಲ ಎಳೆ ಹೋಗಿರುತ್ತೆ."

"ಎಲ್ಲಿದೆ ತೋರ್ಸು? ಕಣ್ಣಿಗೆ ಕಾಣದ್ದು ಇಲ್ಲ ಅಂತಾನೇ ಲೆಕ್ಕ."

ಮಗ ನಕ್ಕ. ನಗುವಾಗ ಎದೆಯಿಂದ ಸುಯ್ ಎಂಬ ಸದ್ದು ಬಂತು. ಹಿಟ್ಟಿನ ಧೂಳಿಗೆ ಅವನಿಗೆ ಆಗಾಗ ಉಬ್ಬಸ ಬರುತ್ತಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ಅದಕ್ಕೆ ಕೊಟ್ಟ ಮಾತ್ರೆಯನ್ನೂ ಆ ಮನೆಯ ರೀತಿಯಲ್ಲೇ ನುಂಗುತ್ತಿದ್ದ, ಅಂದರೆ ಅಮ್ಮನಿಗೆ ನೆನಪಾದಾಗ. ಆ ಸಲದ ಉಬ್ಬಸ ಬಿಡಲೇ ಇಲ್ಲ. ಹಿಟ್ಟು ನಾದುತ್ತಾ ಅವನು ಮಧ್ಯೆ ಮಧ್ಯೆ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದ. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಅಜ್ಜಿ ಡಬ್ಬಿಯ ತಳದಿಂದ ಸಣ್ಣ ಬಿಳಿ ಮಾತ್ರೆಗಳ ಹಾಳೆ ತೆಗೆದರು. ಅವರ ಮಂಡಿನೋವಿಗೆಂದು ಹಿಂದೊಮ್ಮೆ ಯಾರೋ ಡಾಕ್ಟರು ಕೊಟ್ಟಿದ್ದು. ಅದನ್ನು ನುಂಗಿದ ಮಾರನೇ ದಿನವೇ ಅವರು ಮೆಟ್ಟಿಲು ಹತ್ತಿದ್ದರು. ಅದಕ್ಕೇ ಅದರ ಮೇಲೆ ಅವರಿಗೆ ವಿಶೇಷ ಪ್ರೀತಿ. ಬೀದಿಯವರು ಕೂಡ ಅದೇ ಜಾತಿಯ ಮಾತ್ರೆ ತಂದು ಸೇರಿಸಿದ್ದರಿಂದ ಡಬ್ಬಿಯಲ್ಲಿ ಅದಕ್ಕೆ ಬರವಿರಲಿಲ್ಲ.

"ಇದು ನಿನ್ನ ಮಂಡೀದಲ್ವಾ ಅಮ್ಮ? ನಂಗೆ ಎದೆ ಹಿಡಿದಿರೋದು."

"ಮಂಡೀನೂ ನಂದೇ, ಮಗನೂ ನಂದೇ. ಬಾಯಿ ತೆಗಿ."

ಉಬ್ಬಸ ನಿಂತುಹೋಯಿತು. ಅಷ್ಟೇ ಅಲ್ಲ, ಮಗನಿಗೆ ಎಲ್ಲಿಲ್ಲದ ಹಸಿವು ಬಂತು. ಕೆನ್ನೆ ದುಂಡಗಾಯಿತು. "ಮೈ ತುಂಬ್ಕೊಂಡಿದಾನೆ ನೋಡು, ಮದುವೆ ಗಂಡಿನ ಹಾಗೆ!" ಎಂದು ಅಜ್ಜಿ ಎದುರು ಸಿಕ್ಕವರಿಗೆಲ್ಲ ಹೇಳಿದರು. ಬಾಯಾರಿಕೆಯೂ ಹೆಚ್ಚಿತ್ತು. ಒಲೆಯ ಪಕ್ಕದಲ್ಲಿಟ್ಟ ಕೊಡ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. ಒಲೆಯ ಬಿಸಿಗೆ ಬಾಯಾರುತ್ತದೆ ಎಂದುಕೊಂಡರು. ಸೊಸೆ ಮಾತ್ರ ಗಂಡನ ದುಂಡು ಮುಖವನ್ನು ನೋಡಿ ನೋಡಿ ಯಾಕೋ ಹೆದರುತ್ತಿದ್ದಳು. ಅದು ಅವನ ಮುಖವಲ್ಲ ಅನಿಸುತ್ತಿತ್ತು.

ಆಮೇಲೆ ಒಂದು ಬದಿಯ ಮೂಗು ಕಟ್ಟಿತು. ಅದೇ ಬದಿಯ ಕೆನ್ನೆ ನೋಯತೊಡಗಿತು. ಹಲ್ಲುನೋವೆಂದು ಡಬ್ಬಿಯಿಂದ ಒಂದು ಮಾತ್ರೆ ಬಂತು. ಕೆನ್ನೆ ಜೋಮು ಹಿಡಿದಾಗ "ನೋವು ಹೋಯ್ತಲ್ಲ, ಇನ್ನೇನು" ಎಂದರು ಅಜ್ಜಿ. ಸೊಸೆ ಬಟ್ಟೆ ಒಗೆಯಲು ಕೂತಾಗ ಗಂಡನ ಕರ್ಚೀಫು ಬಿಡಿಸಿದಳು. ಒಳಗೆ ಮಸಿಯಂಥ ಕಪ್ಪು. ಒಲೆಯ ಮಸಿಯೇ ಇರಬೇಕೆಂದು ಮೂಸಿದಳು. ಮಸಿಯ ವಾಸನೆಯಲ್ಲ ಅದು. ಸೋಪು ಹಚ್ಚಿದ ಕೈಯಲ್ಲೇ ಎದ್ದು ಬೇಕರಿಗೆ ಓಡಿ, ಗಂಡನ ಕೈಯಿಂದ ಹಿಟ್ಟನ್ನು ಬಿಡಿಸಿ, ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಮೂಗಿನೊಳಗೆ ದೀಪ ಬಿಟ್ಟು ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ತಲೆಯ ಸ್ಕ್ಯಾನ್ ಚಿತ್ರ ತೆಗೆಸಿದರು. ಆಮೇಲೆ ಅಜ್ಜಿಯನ್ನೂ ಸೊಸೆಯನ್ನೂ ಕೂರಿಸಿದರು.

"ಅಜ್ಜಿ, ನಿಮ್ಮದು ಬೇಕರಿ ಅಂದ್ರಲ್ಲ. ಬ್ರೆಡ್ಡಿಗೆ ಬೂಷ್ಟು ಹಿಡಿಯೋದು ನೋಡಿದೀರಾ?"

"ನೋಡದೆ ಏನು? ಅದರ ಜೊತೇಲೇ ತಲೆ ನರೆತಿದೆ ನಂದು."

"ಅದೇ ಕುಲದ ಫಂಗಸ್ಸು ನಿಮ್ಮ ಮಗನ ಮೂಗಿನ ಒಳಗೆ, ಕೆನ್ನೆ ಮೂಳೆಯಲ್ಲಿ ಬೆಳೀತಾ ಇದೆ."

ಅಜ್ಜಿ ಮೇಜಿನತ್ತ ಬಾಗಿದರು. "ಅಯ್ಯೋ! ನಮ್ಮ ಬ್ರೆಡ್ಡಿಂದ ಅಂಟಿತಾ?"

"ಬ್ರೆಡ್ಡಿನ ಮೇಲೆ ತಪ್ಪು ಹಾಕ್ಬೇಡಿ. ಅದರ ಬೀಜ ಗಾಳಿಯಲ್ಲೆಲ್ಲ ಇರುತ್ತೆ. ನನ್ನ ಮೂಗಿಗೂ ಹೋಗುತ್ತೆ, ನಿಮ್ಮ ಮೂಗಿಗೂ ಹೋಗುತ್ತೆ. ಮೈಯೊಳಗೆ ಕಾವಲು ಇದೆ, ಅದು ಹುಟ್ಟಡಗಿಸಿಬಿಡುತ್ತೆ. ಇವರ ಮೈಯಲ್ಲಿ ಆ ಕಾವಲು ಮಲಗಿಬಿಟ್ಟಿದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದೆ. ಇತ್ತೀಚೆಗೆ ಯಾವ ಮಾತ್ರೆ ತಗೊಂಡ್ರು?"

ಅಜ್ಜಿ ಬಿಳಿ ಮಾತ್ರೆಯ ಕಥೆ ಹೇಳಿದರು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಸ್ಟೆರಾಯ್ಡ್ ಅಜ್ಜಿ. ಊತ ಇಳಿಸುತ್ತೆ, ಉಬ್ಬಸ ಇಳಿಸುತ್ತೆ, ನಿಜ. ನಾವೂ ಕೊಡ್ತೀವಿ, ಅಳತೆ ನೋಡಿ, ಸಕ್ಕರೆ ನೋಡಿ. ಸುಮ್ಮನೆ ತಿನ್ನಿಸ್ತಾ ಹೋದ್ರೆ ಸಕ್ಕರೆ ಏರುತ್ತೆ, ಕಾವಲಿನವನಿಗೂ ನಿದ್ದೆ ಬರುತ್ತೆ. ನೀವು ಉಬ್ಬಸ ಓಡಿಸಿದ್ರಿ, ಆದರೆ ಹೆಬ್ಬಾಗಿಲು ತೆಗೆದಿಟ್ರಿ."

ಸೊಸೆ ತಲೆ ಎತ್ತಿದಳು. "ಮಗಳ ಹುಳುಕಡ್ಡಿಗೆ ಹಚ್ಚಿದ ಟ್ಯೂಬು? ಅದರಲ್ಲೂ ಇದೇನಾ ಡಾಕ್ಟ್ರೇ? ಕೆಂಪು ಹೋಯ್ತು, ಸುತ್ತು ಮಾತ್ರ ದೊಡ್ಡದಾಯ್ತು."

"ಇದ್ದರೂ ಇರಬಹುದು. ಕೆಂಪಾಗೋದು ಅಂದ್ರೆ ಮೈ ಕಾದಾಡ್ತಿದೆ ಅಂತ ಅರ್ಥ. ಸೈನಿಕರನ್ನ ಮಲಗಿಸಿದ್ರೆ ಗಲಾಟೆ ನಿಲ್ಲುತ್ತೆ. ಶತ್ರು ಹೋಗಿರಲ್ಲ."

"ಈಗ ಇವರಿಗೆ ಔಷಧ ಕೊಟ್ಟರೆ ಸಾಯುತ್ತಾ ಅದು?"

"ಅಲ್ಲೇ ಇರೋದು ಕಷ್ಟ. ಬ್ಯಾಕ್ಟೀರಿಯಾಕ್ಕೂ ನಮಗೂ ಅಂಥ ಹೋಲಿಕೆ ಇಲ್ಲ, ಹೊಡೆಯೋಕೆ ಜಾಗ ಬೇಕಾದಷ್ಟಿದೆ. ಫಂಗಸ್ಸು ಹಾಗಲ್ಲ, ಜೀವಕೋಶ ನೋಡಿದ್ರೆ ನಮ್ಮ ದೂರದ ನೆಂಟ. ನೀವು ಹಿಟ್ಟು ಉಬ್ಬೋಕೆ ಹಾಕೋ ಈಸ್ಟ್ ಕೂಡ ಅದೇ ಮನೆತನ. ಅದಕ್ಕೆ ಹೊಡೆದ ಏಟು ನಮಗೂ ಬೀಳುತ್ತೆ. ಹಾವು ಸಾಯಬೇಕು, ಕೋಲು ಮುರೀಬಾರದು. ಒಂದೇ ಒಂದು ದಾರಿ ಇದೆ. ಅದರ ಜೀವಕೋಶದ ಸುತ್ತ ಒಂದು ತೆಳು ಪೊರೆ. ಆ ಪೊರೆಯನ್ನ ಗಟ್ಟಿ ಮಾಡೋದು ಒಂದು ಥರದ ಜಿಡ್ಡು. ನಮ್ಮ ಪೊರೆಯಲ್ಲಿರೋ ಜಿಡ್ಡೇ ಬೇರೆ. ಈಗ ರಕ್ತನಾಳಕ್ಕೆ ಹಾಕೋ ಔಷಧ ಅದರ ಜಿಡ್ಡನ್ನ ಹುಡುಕಿ ಹಿಡಿದು ಪೊರೆಗೆ ತೂತು ಹಾಕುತ್ತೆ. ಒಳಗಿನ ಸತ್ವ ಸೋರಿ ಅದು ಸಾಯುತ್ತೆ. ಆದರೆ ಗುರಿ ಸ್ವಲ್ಪ ತಪ್ಪಿದ್ರೂ ನಮ್ಮ ಮೂತ್ರಪಿಂಡಕ್ಕೆ ಏಟು. ಅದಕ್ಕೇ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು."

ಮೊದಲು ಶಸ್ತ್ರಚಿಕಿತ್ಸೆಯಾಯಿತು. ಕೊಳೆತ ಭಾಗವನ್ನೆಲ್ಲ ಕೆರೆದು ತೆಗೆದರು. ಆಮೇಲೆ ಹಳದಿ ಬಣ್ಣದ ಔಷಧದ ಚೀಲ ತೂಗಿತು. ಅದು ಮೈಗೆ ಇಳಿಯುವಾಗ ಮಗ ಹಲ್ಲು ಕಡಕಡ ಎನ್ನುವಂತೆ ನಡುಗುತ್ತಿದ್ದ. ಉರಿಯುವ ಒಲೆಯ ಮುಂದೆ ಇಡೀ ಜೀವಮಾನ ನಿಂತವನು "ಚಳಿ, ಅಮ್ಮ, ಚಳಿ" ಎಂದು ಕೂಗುತ್ತಿದ್ದರೆ ಅಜ್ಜಿ ಹಾಸಿಗೆಯ ಕಂಬಿ ಹಿಡಿದು ಅಳುತ್ತಿದ್ದರು. ವಾರಗಳು ಉರುಳಿದವು. ಸಕ್ಕರೆ ಹತೋಟಿಗೆ ಬಂತು, ಮೂಗು ಬಿಟ್ಟಿತು, ಕೆನ್ನೆಗೆ ಸ್ಪರ್ಶ ಮರಳಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಮಾತ್ರೆಗಳನ್ನು ಕೊಟ್ಟರು.

"ಇದು ತೂತು ಹಾಕೋ ಔಷಧ ಅಲ್ಲ. ಆ ಜಿಡ್ಡು ತಯಾರಾಗೋದನ್ನೇ ತಡೆಯುತ್ತೆ. ಗಾರೆ ಇಲ್ಲದೆ ಗೋಡೆ ಕಟ್ಟೋಕಾಗುತ್ತಾ? ಹಾಗೆ. ರಕ್ತದಲ್ಲಿ ಔಷಧ ಸದಾ ಒಂದು ಮಟ್ಟಕ್ಕೆ ಇರಬೇಕು. ಮಟ್ಟ ಇಳೀತೋ, ಅದು ಮತ್ತೆ ಗಾರೆ ಕಲಸೋಕೆ ಶುರು ಮಾಡುತ್ತೆ. ದಿನಕ್ಕೆ ಮೂರು, ಮೂರೂ ಒಟ್ಟಿಗೆ, ಊಟದ ಜೊತೆ. ನಾನು ಸಾಕು ಅನ್ನೋ ತನಕ. ತಿಂಗಳುಗಟ್ಟಲೆ ಆಗಬಹುದು."

"ವಾಸಿಯಾದ ಮೇಲೂನಾ?" ಎಂದರು ಅಜ್ಜಿ.

"ವಾಸಿಯಾದ ಹಾಗೆ ಕಂಡ ಮೇಲೂ. ಬೂಷ್ಟು ಹಿಡಿದ ತುದಿ ಕೊಯ್ದು ಎಸೆದ್ರೆ ಬ್ರೆಡ್ಡಿನ ಒಳಗಿರೋ ಎಳೆ ಹೋಗುತ್ತಾ?"

ಅಜ್ಜಿಗೆ ಚಹಾದಲ್ಲಿ ಅದ್ದಿದ ತುಂಡು ನೆನಪಾಯಿತು. ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಎಮ್ಮೆಯೂ ಆಡಿಸುತ್ತದೆ!

ಮನೆಗೆ ಬಂದ ದಿನವೇ ಸೊಸೆ ಮೇಲಿನ ಗೂಡಿನಿಂದ ಡಬ್ಬಿ ಇಳಿಸಿ ಅತ್ತೆಯ ಮುಂದಿಟ್ಟಳು. "ಇದು ಇನ್ನು ಈ ಮನೇಲಿ ಬೇಡ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೇ ಎಸೀತೀನಿ ಕಣೆ," ಎಂದರು ಅಜ್ಜಿ. ಎತ್ತಿಕೊಂಡು ಹಿತ್ತಿಲಿಗೆ ಹೋದರು. ಬರಿಗೈಯಲ್ಲಿ ಮರಳಿದರು. ಮೊಮ್ಮಗಳ ಔಷಧವನ್ನು ಇನ್ನು ತಾನೇ ಕೊಡುತ್ತೇನೆಂದು ಸೊಸೆ ಹೇಳಿದಾಗ ಅದಕ್ಕೂ ಸೊಲ್ಲೆತ್ತಲಿಲ್ಲ. ಗಂಡನ ವಿಷಯದಲ್ಲಿ ಮಾತ್ರ ಸೊಸೆ ಸೋತಳು. "ಹೆತ್ತವಳ ಕೈ ತಪ್ಪಿಸ್ತೀಯಾ?" ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಬಿಡೆ, ಅಮ್ಮನಿಗೆ ಅಷ್ಟಾದರೂ ಸಮಾಧಾನ ಇರಲಿ," ಎಂದ ಗಂಡ. ಬೇಕರಿ, ಮನೆ, ಮಗಳು ಎಲ್ಲವನ್ನೂ ಹೊತ್ತಿದ್ದ ಹೆಂಗಸು ಆ ಒಂದನ್ನು ಬಿಟ್ಟುಕೊಟ್ಟಳು.

ಡಬ್ಬಿ ಹಿತ್ತಿಲಲ್ಲಿ ಇರಲಿಲ್ಲ. ಬೇಕರಿಯ ಉಗ್ರಾಣದಲ್ಲಿ, ಮೈದಾ ಮೂಟೆಗಳ ಹಿಂದೆ ಕೂತಿತ್ತು.

ಮೊದಮೊದಲು ಅಜ್ಜಿ ಮೂರೂ ಮಾತ್ರೆ ಕೊಟ್ಟರು. ಆದರೆ ಹಾಳೆ ಬರಿದಾಗುತ್ತ ಬಂದಂತೆ ಅವರಿಗೆ ಹಳೆಯ ಭಯ ಶುರುವಾಯಿತು. ಖಾಲಿಯಾದ ಗುಳಿಗಳು ಅವರನ್ನು ದುರುಗುಟ್ಟಿ ನೋಡುತ್ತಿದ್ದವು. ಬೋರಲು ಹಾಕಿದ ಸೀಸೆ, ಸತ್ತ ಮಗು, ಅತ್ತೆಯ ಮಾತು. ಮುಗಿಸಿಬಿಟ್ಟರೆ ಬರುತ್ತದೆ, ಮತ್ತೆ ಬರುತ್ತದೆ. ಒಂದು ದಿನ ಮೂರು ಮಾತ್ರೆ ಬಿಡಿಸಿದವರು ಎರಡನ್ನು ಮಗನ ಅಂಗೈಗೆ ಹಾಕಿ, ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಮೂರಲ್ವಾ ಅಮ್ಮ?"

"ಶ್! ಒಂದು ಉಳಿಸೋಣ ಕಣೋ. ಚೆನ್ನಾಗಿದೀಯಲ್ಲ ಈಗ."

ಮಗ ಅಂಗೈ ನೋಡಿಕೊಂಡ. ಆ ಮಾತ್ರೆ ನುಂಗಿದರೆ ಅವನಿಗೂ ಹೊಟ್ಟೆ ತೊಳಸುತ್ತಿತ್ತು. ಒಂದು ಕಡಿಮೆಯಾದರೆ ಅಷ್ಟೇ ಹಗುರ. ಹುಟ್ಟಿದಾಗಿನಿಂದ ಅದೇ ಡಬ್ಬಿಯ ನೆರಳಲ್ಲಿ ಬೆಳೆದವನು. "ನಿನ್ನ ಬುದ್ಧಿ ಬಿಡಲ್ಲ ನೀನು," ಎಂದು ನಕ್ಕು ನುಂಗಿದ. "ಅವಳಿಗೆ ಗೊತ್ತಾಗಬಾರದು, ಮನೆ ರಣರಂಗ ಆಗುತ್ತೆ."

ಹಾಳೆಗಳು ಲೆಕ್ಕದ ಹಾಗೇ ಬರಿದಾಗುತ್ತಿದ್ದುದನ್ನು ನೋಡಿ ಸೊಸೆ ನಿಶ್ಚಿಂತಳಾಗಿದ್ದಳು. ಪರೀಕ್ಷೆಗೆ ಹೋದಾಗ "ದಿನಾ ತಗೋತಿದೀರಾ?" ಎಂದು ಡಾಕ್ಟರಮ್ಮ ಕೇಳಿದರೆ ಮಗ "ಅಮ್ಮ ಕೈಯಾರೆ ಕೊಡ್ತಾರೆ" ಎಂದ. ಸುಳ್ಳಲ್ಲ. ಇಂಥ ಸುಳ್ಳಲ್ಲದ ಮಾತುಗಳೇ ಎಷ್ಟು ಮನೆಗಳನ್ನು ಹಾಳುಮಾಡಿವೆಯೋ!

ಅವನು ಮತ್ತೆ ಒಲೆಯ ಮುಂದೆ ನಿಂತ. ಬೀದಿಗೆ ಬನ್ನಿನ ವಾಸನೆ ಮರಳಿತು. ಅಜ್ಜಿಗೆ ಧೈರ್ಯ ಬಂದು ಎರಡು ಮಾತ್ರೆ ಒಂದಾಯಿತು. ಒಂದು ಹೊಟ್ಟೆಗೆ, ಎರಡು ಗಂಟಿಗೆ. ಇತ್ತ ಮೊಮ್ಮಗಳ ಸುತ್ತುಗಳು ತಾಯಿಯ ಕೈಯ ಔಷಧಕ್ಕೆ ನಿಧಾನವಾಗಿ ಮಾಸುತ್ತಿದ್ದವು. ಮಾಸಿದ ಮೇಲೂ ಅವಳು ಬಿಡದೆ ಹಚ್ಚುತ್ತಿದ್ದಳು. ಒಂದೇ ಮನೆ, ಎರಡು ಕೈ. ಅಜ್ಜಿ ಅದನ್ನು ನೋಡಿ "ಹುಚ್ಚಿ" ಎಂದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಮಗ ಬನ್ನಿನ ತಟ್ಟೆಯನ್ನು ಒಲೆಗೆ ತಳ್ಳಲು ಹೋಗಿ ಇಟ್ಟಿಗೆಗೆ ಗುದ್ದಿದ. ತಟ್ಟೆ ಕವುಚಿ ಹಸಿ ಬನ್ನುಗಳು ನೆಲಕ್ಕೆ ಬಿದ್ದವು. ಮತ್ತೊಂದು ತಟ್ಟೆ ಎತ್ತಿದ, ಅದೂ ಇಟ್ಟಿಗೆಗೇ ಬಡಿಯಿತು.

"ಏನಾಯ್ತೋ? ಕಣ್ಣು ಕಾಣಲ್ವಾ?"

"ಕಾಣುತ್ತೆ ಅಮ್ಮ," ಎಂದ ಅವನು ತಡೆದು ತಡೆದು. "ಒಲೆಗೆ ಎರಡು ಬಾಯಿ ಕಾಣ್ತಿದೆ."

ಅಜ್ಜಿ ಹತ್ತಿರ ಹೋಗಿ ಮುಖ ನೋಡಿದರು. ಒಂದು ಕಣ್ಣಿನ ರೆಪ್ಪೆ ಅರ್ಧ ಇಳಿದು ನಿಂತಿತ್ತು. ಎತ್ತು ಎಂದರೆ ಎತ್ತಲು ಅವನಿಂದ ಆಗಲಿಲ್ಲ. ಒಲೆಯಲ್ಲಿ ಮೊದಲೇ ಇಟ್ಟಿದ್ದ ಬ್ರೆಡ್ಡು ಸೀದು ಬೇಕರಿಯೆಲ್ಲ ಹೊಗೆ ತುಂಬಿತು, ಅದನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ.

ಆಸ್ಪತ್ರೆಯಲ್ಲಿ ಹೊಸ ಚಿತ್ರಗಳನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಬೂಷ್ಟಿನ ಎಳೆ ಕಣ್ಣಿನ ಹಿಂದಕ್ಕೆ ಹೋಗಿತ್ತು. ಅಲ್ಲಿಂದ ಮೆದುಳಿನ ಕಡೆಗೆ.

"ಔಷಧ ಒಂದು ದಿನವೂ ತಪ್ಪಿಲ್ಲ ತಾನೇ?"

"ಇಲ್ಲ ಡಾಕ್ಟ್ರೇ, ಹಾಳೆ ಖಾಲಿಯಾಗೋದು ನಾನೇ ನೋಡಿದೀನಿ," ಎಂದಳು ಸೊಸೆ.

"ಪೂರ್ತಿ ಔಷಧ ತಗೊಂಡೂ ಮರಳಿದೆ ಅಂದ್ರೆ, ಈ ಮಾತ್ರೆಗೆ ಬಗ್ಗದ ಜಾತಿ ಇರಬೇಕು. ಬೇರೆ ಔಷಧ ಹುಡುಕಬೇಕು. ನಮ್ಮ ಹತ್ರ ಇರೋದೇ ಬೆರಳೆಣಿಕೆಯಷ್ಟು..."

ಔಷಧವಿಲ್ಲ ಎಂಬಂತೆ ಅಜ್ಜಿಗೆ ಕೇಳಿಸಿತು. ಅವರ ಮುಖ ಅರಳಿತು. ಇಂಥ ದಿನಕ್ಕೇ ಅಲ್ಲವೇ ಕೂಡಿಟ್ಟದ್ದು! ಮನೆಯಿಂದ ಹೊರಡುವಾಗಲೇ ಅವರು ಉಗ್ರಾಣಕ್ಕೆ ಹೋಗಿ ಬಂದಿದ್ದರು. ಮಡಿಲಿನಿಂದ ಬಿಳಿ ಬಟ್ಟೆಯ ಗಂಟು ತೆಗೆದು ಡಾಕ್ಟರಮ್ಮನ ಮೇಜಿನ ಮೇಲೆ ಬಿಚ್ಚಿದರು. ಹಳದಿ ಮಾತ್ರೆಗಳು ಉರುಳಿ ಮೇಜಿನ ತುಂಬ ಹರಡಿದವು.

"ಔಷಧಕ್ಕೆ ಯೋಚನೆ ಮಾಡ್ಬೇಡಿ ಡಾಕ್ಟರಮ್ಮ. ಎಷ್ಟು ಬೇಕೋ ತಗೊಳ್ಳಿ. ನಾನು ಉಳಿಸಿದೀನಿ."

ಹೊರಗೆ ಯಾರೋ ಗಾಲಿ ಕುರ್ಚಿ ತಳ್ಳಿಕೊಂಡು ಹೋದ ಸದ್ದು ಕೇಳಿತು.

"ಇದೆಲ್ಲ ಅವರು ನುಂಗಬೇಕಾಗಿದ್ದ ಮಾತ್ರೆಗಳಾ?" ಎಂದರು ಡಾಕ್ಟರಮ್ಮ ಕೊನೆಗೆ.

"ಹೂಂ." ಅಜ್ಜಿಯ ದನಿ ಸಣ್ಣದಾಯಿತು. ಎದುರಿಗಿದ್ದ ಎರಡು ಮುಖಗಳನ್ನೂ ನೋಡಿ ಅವರಿಗೆ ಏನೋ ಹೊಳೆಯತೊಡಗಿತ್ತು. "ಅವನು ಚೆನ್ನಾಗಿದ್ದ... ಅದಕ್ಕೇ..."

ಸೊಸೆ ಒಂದು ಮಾತ್ರೆ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅವಳು ಕೂಗಾಡಲಿಲ್ಲ. "ಡಬ್ಬಿ ತುಂಬಿಸೋಕೆ ಮನೆ ಖಾಲಿ ಮಾಡಿಬಿಟ್ರಲ್ಲ ಅತ್ತೆ," ಎಂದಳು ಅಷ್ಟೇ.

ಡಾಕ್ಟರಮ್ಮ ಮಾತ್ರೆಗಳನ್ನು ಮತ್ತೆ ಬಟ್ಟೆಗೆ ತುಂಬಿದರು. "ಸ್ವಲ್ಪ ಔಷಧ ಶತ್ರುವನ್ನ ಕೊಲ್ಲಲ್ಲ ಅಜ್ಜಿ, ಏಟಿಗೆ ಪಳಗಿಸುತ್ತೆ. ನೀವು ಹೇಳಿದ್ದಿದ್ರೆ ನಾನು ಅವತ್ತೇ ಬೈದು ಮೂರೂ ತಿನ್ನಿಸ್ತಿದ್ದೆ. ಈಗ ತಡವಾಗಿದೆ. ಪ್ರಯತ್ನ ಬಿಡಲ್ಲ, ಆದರೆ ಸುಳ್ಳು ಧೈರ್ಯ ಕೊಡಲ್ಲ."

ಹಳದಿ ಚೀಲ ಮತ್ತೆ ತೂಗಿತು. ಈ ಸಲ ಮಗ ನಡುಗಲು ಕೂಡ ಶಕ್ತಿಯಿಲ್ಲದೆ ಮಲಗಿದ್ದ. ಪ್ರಜ್ಞೆ ಇದ್ದ ಒಂದು ಸಂಜೆ ಅಮ್ಮನ ಕೈ ತಡಕಿದ. "ಒಬ್ಬಳೇ ಹೊತ್ಕೋಬೇಡ ಅಮ್ಮ. ನೀನು ಕೊಟ್ಟೆ, ನಾನು ಒಪ್ಪಿದೆ. ಇಬ್ಬರೂ ಸೇರಿ ಅವಳಿಗೆ ಮೋಸ ಮಾಡಿದ್ವಿ." ಆಮೇಲೆ ಅವನು ಮಾತಾಡಲಿಲ್ಲ. ಒಲೆ ಹೊತ್ತಿಸುವ ಹೊತ್ತಿಗೆ, ಬೆಳಗಾಗುತ್ತಿದ್ದಂತೆ, ಹೋಗಿಬಿಟ್ಟ.

ಬೀದಿಯವರು ಬಾಯಿಗೆ ಬಂದಂತೆ ಮಾತಾಡಿದರು. ವಿಧಿ ಎಂದರು, ಬೂಷ್ಟು ಹಿಡಿದ ಬ್ರೆಡ್ಡಿನ ಶಾಪ ಎಂದರು, ಡಾಕ್ಟರ ಕೈಗುಣ ಸರಿಯಿಲ್ಲ ಎಂದರು. ಡಬ್ಬಿಯ ಹೆಸರು ಯಾರೂ ಎತ್ತಲಿಲ್ಲ. ಎಲ್ಲರ ಉಳಿಕೆಯೂ ಅದರಲ್ಲಿತ್ತಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಅಜ್ಜಿ ತಮಗೆ ತಾವೇ ಹೇಳಿಕೊಂಡರು. ಆ ಡಬ್ಬಿ ಊರಿಗೂ ಉಪಕಾರ ಮಾಡಿರಲಿಲ್ಲ ಎಂಬುದು ಅವರಿಗೆ ತಿಳಿಯಲು ಇನ್ನಷ್ಟು ದಿನ ಬೇಕಾಯಿತು.

ಒಂದು ದಿನ ಅವರೇ ಡಬ್ಬಿ ಹೊತ್ತುಕೊಂಡು ಆಸ್ಪತ್ರೆಗೆ ಹೋದರು. ಒಳಗಿದ್ದದ್ದನ್ನೆಲ್ಲ ಡಾಕ್ಟರಮ್ಮನ ಮುಂದೆ ಸುರಿದು, ನಾಶ ಮಾಡಿಸಿ ಎಂದು ಕೈಮುಗಿದರು. ಏಳುವಾಗ ಕೇಳಿದರು: "ನಮ್ಮತ್ತೆ ಮಗು ಸತ್ತಿದ್ದು ಸೀಸೆ ಖಾಲಿ ಮಾಡಿದ್ದಕ್ಕಲ್ವಾ ಹಾಗಾದ್ರೆ?"

"ಆ ಮಗುವಿಗೆ ಏನಾಗಿತ್ತೋ ನನಗೆ ಗೊತ್ತಿಲ್ಲ," ಎಂದರು ಡಾಕ್ಟರಮ್ಮ. "ಆದರೆ ಕಾಯಿಲೆ ಸೀಸೆ ನೋಡ್ಕೊಂಡು ಬರಲ್ಲ ಅಜ್ಜಿ. ಅದಕ್ಕೆ ಮೈಯೊಳಗಿರೋ ಔಷಧ ಗೊತ್ತೇ ಹೊರತು ಗೂಡಲ್ಲಿರೋ ಔಷಧ ಗೊತ್ತಿಲ್ಲ."

ಸೊಸೆ ಬೇಕರಿ ತೆರೆದಳು. ಒಲೆಯ ಕೆಲಸವನ್ನೂ ಅವಳೇ ಕಲಿತಳು. ಅತ್ತೆಗೆ ಊಟ ಬಡಿಸುತ್ತಿದ್ದಳು, ಹಾಸಿಗೆ ಹಾಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಅಜ್ಜಿ ಬರಿದಾದ ಡಬ್ಬಿಯನ್ನು ತಮ್ಮ ಪಕ್ಕದಲ್ಲಿಟ್ಟುಕೊಂಡು ಮುಂದಿನ ಕಟ್ಟೆಯಲ್ಲಿ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಪಕ್ಕದ ಟೈಲರನ ಹೆಂಡತಿ ಬಂದಳು. ಬ್ರೆಡ್ಡು ಕೊಂಡು, ಅತ್ತಿತ್ತ ನೋಡಿ, ಸೆರಗಿನಿಂದ ಅರ್ಧ ಉಳಿದ ಮಾತ್ರೆಯ ಹಾಳೆ ತೆಗೆದಳು. ಅವಳ ಗಂಡನಿಗೆ ಸೊಂಟದಲ್ಲಿ ಹುಳುಕಡ್ಡಿಯಾಗಿ ವರ್ಷದಿಂದ ಹೋಗಿ ಬಂದು ಮಾಡುತ್ತಿತ್ತು. ಹಿಂದೆ ಎರಡು ಸಲ ಅಜ್ಜಿಯ ಡಬ್ಬಿಯ ಟ್ಯೂಬೇ ಹೋಗಿತ್ತು, ಈ ಸಲ ಡಾಕ್ಟರು ಮಾತ್ರೆ ಬರೆದಿದ್ದರು.

"ತಗೊಳ್ಳಿ ಅಜ್ಜಿ, ಡಬ್ಬಿಗೆ. ಅವರಿಗೆ ಕಡಿತ ನಿಂತಿದೆ. ಇನ್ಯಾರಿಗಾದರೂ ಆಗುತ್ತೆ."

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಏನೂ ಇರಲಿಲ್ಲ.

"ಅಯ್ಯಯ್ಯೋ, ಪೂರ್ತಿ ಖಾಲಿ ಬಿಟ್ಟಿದೀರಾ? ಕೆಟ್ಟದ್ದಲ್ವಾ ಅಜ್ಜಿ? ಇದನ್ನಾದರೂ ಹಾಕಿ..."

"ಬೇಡ. ತಗೊಂಡ್ಹೋಗಿ ನಿನ್ನ ಗಂಡನಿಗೆ ಕೊಡು. ಡಾಕ್ಟರು ಎಷ್ಟು ಬರೆದಿದಾರೋ ಅಷ್ಟೂ. ಕೊನೇ ಮಾತ್ರೆ ಅವನ ಬಾಯಿಗೆ ಹೋದ ಮೇಲೆ ಖಾಲಿ ಹಾಳೆ ತಂದು ನಂಗೆ ತೋರ್ಸು."

"ಅವರು ಚೆನ್ನಾಗಿದಾರೆ ಅಂದ್ನಲ್ಲ ಅಜ್ಜಿ."

ಅಜ್ಜಿ ಆ ಹೆಂಗಸಿನ ಕೈಯನ್ನು ಹಾಳೆಯ ಸಮೇತ ಗಟ್ಟಿಯಾಗಿ ಹಿಡಿದುಕೊಂಡರು. ಬೀದಿಗೆಲ್ಲ ಕೇಳುವಷ್ಟು ದನಿ ಅವರಲ್ಲಿ ಎಲ್ಲಿತ್ತೋ, ಬಂತು.

"ನನ್ನ ಮಗನೂ ಚೆನ್ನಾಗಿದ್ದ ಕಣೆ! ಚೆನ್ನಾಗಿದಾನೆ ಅಂತಲೇ ನಾನು ದಿನಾ ಅವನ ಬಾಯಿಂದ ಔಷಧ ಕಿತ್ತು ಈ ಡಬ್ಬಿಗೆ ಹಾಕಿದ್ದು. ವಿಧಿಯಲ್ಲ, ಶಾಪ ಅಲ್ಲ. ಈ ಕೈ. ನೋಡು, ಈ ಕೈ."

ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಟೈಲರನ ಹೆಂಡತಿ ಹಾಳೆಯನ್ನು ಎದೆಗೊತ್ತಿಕೊಂಡು ಮನೆಯ ಕಡೆ ನಡೆದಳು.

ಒಲೆಯ ಕೋಣೆಯ ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಅತ್ತೆಯ ಕೈ ಇನ್ನೂ ಗಾಳಿಯಲ್ಲಿ ಚಾಚಿಕೊಂಡೇ ಇತ್ತು. ಅವಳು ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಒಳಗೆ ಬನ್ನಿ ಅತ್ತೆ," ಎಂದಳು. "ಊಟಕ್ಕೆ ಹೊತ್ತಾಯ್ತು."